ನೆರೆ

ಕನ್ನಡದಲ್ಲಿ 'ನೆರೆ' ಎಂಬ ಮಾತು ಒಂದೇ ಉಚ್ಚಾರಣೆಯಲ್ಲಿ ಮೂರು ಅರ್ಥಗಳನ್ನು ಹೊತ್ತುಕೊಂಡಿದೆ. ಹೊಳೆ ದಡ ಮೀರಿ ಬಂದರೆ ನೆರೆ. ಪಕ್ಕದ ಮನೆಯೂ ನೆರೆ. ಜನರು ಒಂದೆಡೆ ಕೂಡುವುದಕ್ಕೂ ನೆರೆಯುವುದೆಂದೇ ಹೆಸರು. ಇವುಗಳ ಮೂಲ ಒಂದೋ ಬೇರೆಬೇರೆಯೋ ಎಂಬ ವಿಚಾರವನ್ನು ಪಂಡಿತರಿಗೆ ಬಿಟ್ಟಿದ್ದೇನೆ. ಆದರೆ 2018ನೆಯ ಇಸವಿಯ ಆ ಮಳೆಗಾಲ ಕಳೆದ ಮೇಲೆ ಈ ಮೂರನ್ನೂ ಬೇರೆಬೇರೆಯಾಗಿ ಇಟ್ಟು ಯೋಚಿಸುವುದು ನನ್ನಿಂದ ಸಾಧ್ಯವಾಗಿಲ್ಲ.

ನಮ್ಮ ಅಜ್ಜಿ 1923ರ ನೇತ್ರಾವತಿಯ ನೆರೆಯನ್ನು ಕಣ್ಣಾರೆ ಕಂಡವರು. ತುಳುವಿನಲ್ಲಿ ನೆರೆಗೆ ಬೊಳ್ಳವೆನ್ನುತ್ತಾರೆ. ಆ ವರುಷದ್ದನ್ನು ಅವರು 'ಮಾರಿಬೊಳ್ಳ'ವೆಂದೇ ಕರೆಯುತ್ತಿದ್ದರು. ಮಕ್ಕಳಾದ ನಮಗೆ ಅದು ರಾತ್ರಿಯ ಊಟದ ಬಳಿಕದ ಒಂದು ಕಥೆ. ಮತ್ತೆ ಹೇಳಿ, ಮತ್ತೆ ಹೇಳಿ ಎಂದು ಪೀಡಿಸುತ್ತಿದ್ದೆವು. ಪರರ ಸಂಕಟವು ದೂರ ಸರಿದಷ್ಟೂ ಕೇಳುವುದಕ್ಕೆ ಹಿತವಾಗುತ್ತದೆ. ಈ ದೋಷವು ನನ್ನನ್ನು ದೊಡ್ಡವನಾದ ಮೇಲೂ ಬಿಡಲಿಲ್ಲವೆಂಬುದನ್ನು ಮುಂದೆ ಹೇಳಬೇಕಾಗಿದೆ.

2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಕೊಡಗಿನ ಗುಡ್ಡಗಳು ಜರಿದವು. ಮಕ್ಕಂದೂರು, ಜೋಡುಪಾಲಗಳ ಕಡೆಯಲ್ಲಿ ಮನೆ ತೋಟಗಳು ಕೆಸರಿನೊಡನೆ ಇಳಿದುಹೋದವು. ಮಡಿಕೇರಿಗೂ ಸಂಪಾಜೆಗೂ ನಡುವಣ ರಸ್ತೆ ಕಡಿದುಹೋಯಿತು. ಘಟ್ಟದ ಮೇಲಿನವರು ಮಡಿಕೇರಿಯ ಶಿಬಿರಗಳನ್ನು ಸೇರಿದರೆ ಎಷ್ಟೋ ಜನರು ಸಂಪಾಜೆಯ ಕಡೆಗೆ ಇಳಿದುಬಂದರು. ನಮ್ಮ ಸಭೆಯಲ್ಲಿ ಭಾನುವಾರದ ಆರಾಧನೆ ಮುಗಿದೊಡನೆ ಸಭಾಪಾಲಕರು, ಅಕ್ಕಿ ಬಟ್ಟೆ ಕಂಬಳಿಗಳನ್ನು ತಂದುಕೊಡಬೇಕೆಂದು ಕೇಳಿಕೊಂಡರು.

ನಾನು ಮನೆಗೆ ಬಂದು ಕಪಾಟನ್ನು ತೆರೆದೆ. ಮೇಲಿನ ಅರೆಯಲ್ಲಿ ಎರಡು ಒಳ್ಳೆಯ ಕಂಬಳಿಗಳಿದ್ದವು. ಅಡಿಯಲ್ಲಿ ನೂಲೆದ್ದು ತೆಳ್ಳಗಾದದ್ದೊಂದು ಇತ್ತು. ನನ್ನ ಕೈ ತಾನಾಗಿ ಅಡಿಗೆ ಹೋಯಿತು. ಅದರೊಡನೆ ಗುಂಡಿ ಹೋದ ಎರಡು ಅಂಗಿಗಳನ್ನೂ ಸೇರಿಸಿ ಗಂಟು ಕಟ್ಟಿ, ಕೊಟ್ಟೆನೆಂಬ ಸಮಾಧಾನದಿಂದ ಊಟಕ್ಕೆ ಕುಳಿತೆ.

ಸಂಜೆ ಗಂಟುಗಳನ್ನು ಬಿಚ್ಚಿ ವಿಂಗಡಿಸುವವರಲ್ಲಿ ನಾನೂ ಒಬ್ಬನಾಗಿದ್ದೆ. ನನ್ನ ಎದುರಿಗೆ ಕುಳಿತಿದ್ದ ವಯಸ್ಸಾದ ತಾಯಿಯೊಬ್ಬರು ಒಂದು ಗಂಟನ್ನು ಬಿಚ್ಚಿ, ಕಂಬಳಿಯನ್ನು ಬೆಳಕಿಗೆ ಹಿಡಿದರು. ಅದರೊಳಗಿನಿಂದ ಕಿಟಕಿ ಕಾಣಿಸುತ್ತಿತ್ತು. "ಪಾಪ, ಇದನ್ನು ಕೊಟ್ಟವರಿಗೆ ಘಟ್ಟದ ಚಳಿ ಗೊತ್ತಿಲ್ಲ, ಅಲ್ಲವೆ ಅಣ್ಣ?" ಎಂದು ನನ್ನನ್ನೇ ಕೇಳಿ, ಅದನ್ನು ನೆಲ ಒರಸುವ ಬಟ್ಟೆಗಳ ಕಡೆಗೆ ಇಟ್ಟರು. "ಹೌದಮ್ಮ" ಎಂದೆ. ಅದು ನನ್ನದೆಂದು ಹೇಳುವ ಧೈರ್ಯ ಬರಲಿಲ್ಲ. ಇಂದು ವಾಚಕರ ಮುಂದೆ ಮೊದಲ ಬಾರಿಗೆ ಹೇಳುತ್ತಿದ್ದೇನೆ.

ಅದೇ ವಾರದಲ್ಲಿ ಕೇರಳದ ಸುದ್ದಿಯೂ ಬರುತ್ತಿತ್ತು. 1924ರ ಪ್ರವಾಹದ ಬಳಿಕ ಅಂಥದು ಅಲ್ಲಿ ಬಂದಿರಲಿಲ್ಲ. ಪಂಪಾ, ಪೆರಿಯಾರ್ ಮೊದಲಾದ ನದಿಗಳು ಊರುಗಳ ಮೇಲೆ ಹರಿದವು. 400ಕ್ಕೂ ಹೆಚ್ಚು ಜನರು ಪ್ರಾಣ ಬಿಟ್ಟರು. 10 ಲಕ್ಷಕ್ಕೂ ಹೆಚ್ಚು ಜನರು ಶಿಬಿರಗಳಲ್ಲಿ ಉಳಿದರು. ಚೆಂಗನ್ನೂರಿನ ಕಡೆಯಲ್ಲಿ ಮಾಳಿಗೆಗಳ ಮೇಲೆ ನಿಂತವರನ್ನು ತಲುಪುವ ದಾರಿಯಿರಲಿಲ್ಲ. ಆಗ ತಿರುವನಂತಪುರ, ಕೊಲ್ಲಂಗಳ ಕಡಲತೀರದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೇರಿಸಿ ಹೊರಟರು. ಅವರಲ್ಲಿ ಬಹುಮಂದಿ ಬಡ ಕ್ಯಾಥೊಲಿಕ ಕ್ರೈಸ್ತರು. ಇಗರ್ಜಿಗಳಿಂದ ಕರೆ ಹೋಗಿತ್ತು. ಪಾದ್ರಿಗಳು ಕೂಗಿ ಹೇಳಿದ್ದರು. ಅಲೆಗಳಿಗೆಂದು ಕಟ್ಟಿದ ದೋಣಿಗಳು ಬೀದಿಗಳಲ್ಲಿ ಸಾಗಿ, ಕಾಣದ ಆವರಣಗೋಡೆಗಳಿಗೂ ಕಂಬಗಳಿಗೂ ತಾಗಿ ಬಿರುಕುಬಿಟ್ಟವು. ಸರಕಾರದ ಎಣಿಕೆಯಂತೆ 669 ದೋಣಿಗಳಲ್ಲಿ 4,537 ಮಂದಿ ಮೀನುಗಾರರು ಹೋಗಿ ಸುಮಾರು 65,000 ಜೀವಗಳನ್ನು ಉಳಿಸಿದರು. ದೋಣಿಯೊಂದಕ್ಕೆ ದಿನಕ್ಕೆ 3,000 ರೂಪಾಯಿ ಕೊಡುವೆವೆಂದು ಸರಕಾರ ಹೇಳಿದಾಗ, ಜೀವ ಉಳಿಸಿದ್ದಕ್ಕೆ ಕೂಲಿ ಬೇಡವೆಂದವರೂ ಇದ್ದರು.

ಇಷ್ಟರಿಂದಲೇ ನಾನು ನಾಚಬೇಕಾಗಿತ್ತು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ಇದೇ ತೀರವನ್ನು ಇನ್ನೂ ಒಂಬತ್ತು ತಿಂಗಳೂ ತುಂಬದ ಹಿಂದೆ, 2017ರ ನವೆಂಬರ್ 30ರಂದು, ಓಖಿ ಚಂಡಮಾರುತವು ಹೊಡೆದಿತ್ತು. ಕಡಲಿಗೆ ಹೋದ ನೂರಾರು ಜನರು ಹಿಂದಿರುಗಲಿಲ್ಲ. ಪೂಂತುರ, ವಿಳಿಞ್ಞಂಗಳ ಮರಳಿನ ಮೇಲೆ ಹೆಂಗಸರು ದಿನಗಟ್ಟಲೆ ಕಡಲನ್ನೇ ನೋಡುತ್ತ ಕುಳಿತಿದ್ದರು. ಎಷ್ಟೋ ಮನೆಗಳಿಗೆ ಹೂಳುವುದಕ್ಕೆ ಒಂದು ದೇಹವೂ ಸಿಗಲಿಲ್ಲ. ಅಂಥ ಮನೆಗಳ ನೆರೆಯಿಂದಲೇ ದೋಣಿಗಳು ಹೊರಟಿದ್ದವು. ನೀರು ತಮ್ಮಿಂದ ಕಸಿದುಕೊಂಡದ್ದನ್ನು ಅವರು ನೀರಿನಿಂದ ಪರರಿಗಾಗಿ ಬಿಡಿಸಿ ತಂದರು.

ದೇವರು ಇದನ್ನೇಕೆ ಬರಗೊಟ್ಟನೆಂಬ ಪ್ರಶ್ನೆ ಪ್ರತಿ ನೆರೆಯ ಹಿಂದೆಯೂ ಬರುತ್ತದೆ. ಪಾಪದ ಫಲವೆಂದು ತೀರ್ಪು ಕೊಡುವವರೂ ಬರುತ್ತಾರೆ. 1934ರಲ್ಲಿ ಬಿಹಾರದ ಭೂಕಂಪವನ್ನು ಅಸ್ಪೃಶ್ಯತೆಯ ಪಾಪಕ್ಕೆ ಶಿಕ್ಷೆಯೆಂದು ಗಾಂಧೀಜಿ ಹೇಳಿದಾಗ ರವೀಂದ್ರನಾಥರು ಒಪ್ಪಲಿಲ್ಲ. ಸಿಲೋವದ ಗೋಪುರ ಬಿದ್ದು ಹದಿನೆಂಟು ಜನರು ಸತ್ತ ಸಂಗತಿಯನ್ನು ಯೇಸುಸ್ವಾಮಿಯೂ ಎತ್ತಿಕೊಂಡು, ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲವೆಂದು ಹೇಳಿ, ಕೇಳುವವರ ದೃಷ್ಟಿಯನ್ನು ಅವರವರ ಎದೆಗೇ ತಿರುಗಿಸಿದನೆಂದು ಲೂಕನ ಸುವಾರ್ತೆಯಲ್ಲಿದೆ. ಏಕೆಂಬುದಕ್ಕೆ ನನ್ನಲ್ಲಿಯೂ ಉತ್ತರವಿಲ್ಲ. ಇಲ್ಲದ ಉತ್ತರವನ್ನು ಸಂಕಟಪಟ್ಟವರ ಮುಂದೆ ಇಡುವುದಕ್ಕಿಂತ ಒಂದು ಒಳ್ಳೆಯ ಕಂಬಳಿಯನ್ನು ಇಡುವುದು ಮೇಲೆಂದು ತಿಳಿಯುವಷ್ಟು ಬುದ್ಧಿ ಮಾತ್ರ ಈಗ ಬಂದಿದೆ.

ಅದೇ ಸುವಾರ್ತೆಯಲ್ಲಿ ನೆರೆಯವನು ಯಾರೆಂದು ಕೇಳಿದ ಧರ್ಮೋಪದೇಶಕನ ಕಥೆಯಿದೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಯಾಜಕನು ದಾಟಿಹೋದನು, ಲೇವಿಯನು ದಾಟಿಹೋದನು. ಎತ್ತಿಕೊಂಡವನು ಪರಮತದವನೆಂದು ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು. ನನ್ನ ನೆರೆಯವನು ಯಾರು ಎಂಬ ಪ್ರಶ್ನೆ ಕಥೆ ಮುಗಿಯುವಾಗ ಯಾರು ನೆರೆಯವನಾದನು ಎಂದು ಬದಲಾಗಿರುತ್ತದೆ. ಈ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿ, ಒಂದೆರಡು ಸಲ ಮಕ್ಕಳಿಗೆ ಪಾಠವಾಗಿಯೂ ಹೇಳಿದ್ದೆ. ಅದರ ಅರ್ಥ ತಿಳಿದದ್ದು ಒಂದು ಚಿತ್ರವನ್ನು ಕಂಡಾಗ. ಮಲಪ್ಪುರಂ ಜಿಲ್ಲೆಯಲ್ಲಿ ಮುಸಲ್ಮಾನ ಮೀನುಗಾರನೊಬ್ಬನು ಹೆಂಗಸರು ದೋಣಿಗೆ ಹತ್ತಲಾರದೆ ನಿಂತದ್ದನ್ನು ಕಂಡು ನೀರಿನಲ್ಲಿ ಬಗ್ಗಿ, ತನ್ನ ಬೆನ್ನನ್ನೇ ಮೆಟ್ಟಿಲಾಗಿ ಒಡ್ಡಿದ್ದನು. ಪ್ರೀತಿಯು ನಮ್ಮ ಮತದ ಸೊತ್ತೆಂದು ಎಣಿಸಿದ್ದ ನಾನು, ನನ್ನ ಸ್ವಾಮಿ ಹೇಳಿದ ಕಥೆಯನ್ನು ಮತ್ತೊಂದು ಮತದವನ ಬೆನ್ನಿನ ಮೇಲೆ ಓದಿದೆ. ಇದರಿಂದ ನನ್ನ ನಂಬಿಕೆ ಕುಗ್ಗಲಿಲ್ಲ. ಅದರ ಗರ್ವ ಮಾತ್ರ ಇಳಿಯಿತು.

ಮರುದಿನ ಮೇಲಿನ ಅರೆಯ ಎರಡು ಕಂಬಳಿಗಳನ್ನೂ ತೆಗೆದುಕೊಂಡು ಹೊರಟೆ. ಮನೆಯವಳು ಬಾಗಿಲಿನಲ್ಲಿ ನಿಂತು, "ಈಗ ಹೊದೆಯುವುದಕ್ಕೆ ನಮಗೇನು?" ಎಂದು ಕೇಳಿ, ನನ್ನ ಮುಖವನ್ನು ನೋಡಿ, ತಾನೇ ಒಳಗೆ ಹೋಗಿ ತನ್ನ ಹೊಸ ಶಾಲನ್ನೂ ತಂದು ಮೇಲಿಟ್ಟಳು. ಹೋದಾಗ ಆ ತಾಯಿ ಒಬ್ಬರೇ ಗಂಟುಗಳ ನಡುವೆ ಕುಳಿತಿದ್ದರು. ಕಂಬಳಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಏನೂ ಹೇಳಲಿಲ್ಲ. ಮಡಚಿ, ಘಟ್ಟಕ್ಕೆ ಹೋಗುವ ರಾಶಿಯ ಮೇಲೆ ಇಟ್ಟು, ಪಕ್ಕದ ಚಾಪೆಯಲ್ಲಿ ನನಗೆ ಜಾಗ ಬಿಟ್ಟರು.