ಕೆಡುವ ಮೊದಲೇ ಬಿಚ್ಚುವ ಕೆಲಸ

ಪೇಂಟ್‌ಬಾಲ್ ಆಡಲು ಬಂದವರು ಕೈಗೆ ಕೊಟ್ಟದ್ದನ್ನು ಗನ್ ಎನ್ನುತ್ತಾರೆ. ಅದರ ಅಸಲಿ ಹೆಸರು ಮಾರ್ಕರ್, ಅಂದರೆ ಗುರುತು ಹಾಕುವ ಸಾಧನ. ಅಮೆರಿಕದ ನೆಲ್ಸನ್ ಎಂಬ ಬಣ್ಣದ ಕಂಪನಿ ಕಾಡಿನ ಮರಗಳಿಗೆ, ಮಂದೆಯ ದನಗಳಿಗೆ ದೂರದಿಂದಲೇ ಬಣ್ಣ ಹೊಡೆಯಲೆಂದು ಮಾಡಿಸಿದ ಸಾಧನವದು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ ಹನ್ನೆರಡು ಜನ ಅದನ್ನು ಹಿಡಿದು ಮೊದಲ ಆಟ ಆಡಿದರು. ಗೆದ್ದವನು ಅರಣ್ಯದ ಕೆಲಸ ಬಲ್ಲವನು. ಒಂದೂ ಗುಂಡು ಹಾರಿಸದೆ ಗೆದ್ದ. ಆಗ ಪ್ರತಿ ಹೊಡೆತಕ್ಕೂ ಕೈಯಿಂದ ಎಳೆದು ಸಜ್ಜು ಮಾಡಬೇಕಿತ್ತು. 1990ರ ದಶಕದಲ್ಲಿ ಅದಕ್ಕೆ ಬ್ಯಾಟರಿಯೂ ಸರ್ಕ್ಯೂಟ್ ಬೋರ್ಡೂ ಸೇರಿಕೊಂಡವು. ಕೆಡುವ ದಾರಿಗಳೂ ಆಗಲೇ ಹೆಚ್ಚಿದವು.

ಪುಣೆಯ ಧನಕವಡಿಯಲ್ಲಿ, ಸಾತಾರಾ ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯೊಂದರ ಬಾಡಿಗೆ ಕೋಣೆಯಲ್ಲಿ, ಇಂಡಿ ತಾಲ್ಲೂಕಿನ ಯುವಕನೊಬ್ಬ ಪ್ರತಿ ಗುರುವಾರ ರಾತ್ರಿ ಅಂಥ ಆರು ಮಾರ್ಕರ್‌ಗಳನ್ನು ಹಳೆಯ ಟವೆಲ್ ಮೇಲೆ ಬಿಚ್ಚಿಡುತ್ತಾನೆ. ವಾರವಿಡೀ ಮೊಬೈಲ್ ರಿಪೇರಿ. ಶನಿವಾರ, ಭಾನುವಾರ ಊರ ಹೊರಗಿನ ಪೇಂಟ್‌ಬಾಲ್ ಮೈದಾನದಲ್ಲಿ ದಿನಗೂಲಿ. ಅಲ್ಲಿರುವ ಮಾರ್ಕರ್‌ಗಳಲ್ಲಿ ಹೆಚ್ಚಿನವು ಸ್ಪ್ರಿಂಗಿನಿಂದ ನಡೆಯುವ ಗಟ್ಟಿ ಜಾತಿಯವು, ಕೆಸರಲ್ಲಿ ಬಿದ್ದರೂ ಎದ್ದು ಹೊಡೆಯುತ್ತವೆ. ಎಲೆಕ್ಟ್ರಾನಿಕ್ ಆದ ಈ ಆರಕ್ಕೆ ಮಾತ್ರ ಉಪಚಾರ ಹೆಚ್ಚು.

ಅವುಗಳ ಕುದುರೆ, ಅಂದರೆ ಟ್ರಿಗರ್, ಎಳೆದರೆ ಒಳಗೆ ಸುತ್ತಿಗೆ ಬೀಳುವುದಿಲ್ಲ. ಒಂದು ಪುಟ್ಟ ಸ್ವಿಚ್ ಒತ್ತಿಕೊಳ್ಳುತ್ತದೆ. ಬೋರ್ಡು ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟವನ್ನು ಕೆಲವೇ ಮಿಲಿಸೆಕೆಂಡು ತೆರೆಯುತ್ತದೆ, ಒತ್ತಡದ ಗಾಳಿ ನುಗ್ಗಿ ಬೋಲ್ಟನ್ನು ತಳ್ಳುತ್ತದೆ, ಹದಿನೇಳು ಮಿಲಿಮೀಟರ್ ದಪ್ಪದ ಬಣ್ಣದ ಗುಂಡು ಹೊರಗೆ ಹಾರುತ್ತದೆ. ಅದರ ವೇಗ ಸೆಕೆಂಡಿಗೆ 300 ಅಡಿ ಮೀರಬಾರದೆಂಬುದು ಆಟದ ಸಾಮಾನ್ಯ ಕಟ್ಟಳೆ. ಗುಂಡು ಪೂರ್ತಿ ಕೆಳಗಿಳಿದು ಕೂತಿದೆಯೇ ಎಂದು ನೋಡಲು ನಳಿಗೆಯ ಬುಡದಲ್ಲಿ ಅತಿಗೆಂಪು ಕಿರಣದ ಜೋಡಿ ಇರುತ್ತದೆ. ಆಟದವರ ಭಾಷೆಯಲ್ಲಿ ಅದು ‘ಕಣ್ಣು’. ಗುಂಡು ಕಾಣದಿದ್ದರೆ ಬೋರ್ಡು ಹೊಡೆಯಗೊಡುವುದಿಲ್ಲ.

ಇಷ್ಟೆಲ್ಲ ಜಾಣತನ ಕೊನೆಗೆ ನಿಂತಿರುವುದು ಅಗ್ಗದ ವಸ್ತುಗಳ ಮೇಲೆ. 9 ವೋಲ್ಟಿನ ಬ್ಯಾಟರಿ ಸೊರಗಿದರೆ ಬೋರ್ಡಿನ ದೀಪ ಉರಿಯುತ್ತಲೇ ಇರುತ್ತದೆ, ಆದರೆ ಕವಾಟ ಎತ್ತುವ ಕಸುವು ಇರುವುದಿಲ್ಲ. ಕಣ್ಣಿಗೆ ಬಣ್ಣವೋ ಗ್ರೀಸೋ ಮೆತ್ತಿದರೆ ಮಾರ್ಕರ್ ಕುರುಡಾಗುತ್ತದೆ. ರಬ್ಬರಿನ ಓ-ರಿಂಗ್ ಒಣಗಿದರೆ ಗಾಳಿ ಸೋರುತ್ತದೆ. ಸೈಕಲ್ ಚೈನಿಗೆ ಹೊಡೆಯುವ ಸ್ಪ್ರೇ ಹಾಕಿದರೆ ಇನ್ನೂ ಕೇಡು: ಇದ್ದ ಗ್ರೀಸು ತೊಳೆದುಹೋಗುತ್ತದೆ, ರಬ್ಬರು ಊದಿಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿದರೆ ಅದು ಕೆಲವೊಮ್ಮೆ ದ್ರವವಾಗಿಯೇ ಒಳಗೆ ಬಂದು, ಕೊರೆವ ತಣ್ಣಗಿನಿಂದ ರಬ್ಬರನ್ನೂ ಕವಾಟವನ್ನೂ ಹಾಳುಮಾಡುತ್ತದೆ. ಆದ್ದರಿಂದ ಈ ಜಾತಿಗೆ ಒತ್ತಿದ ಗಾಳಿಯೇ ಆಗಬೇಕು. ಮಳೆಗಾಲದಲ್ಲಿ ಜೆಲಟಿನ್ ಸಿಪ್ಪೆಯ ಗುಂಡುಗಳು ತೇವ ಹೀರಿ ಉಬ್ಬಿ, ನಳಿಗೆಯಲ್ಲೇ ಒಡೆಯುತ್ತವೆ. ಪುಣೆಯ ಜೂನ್, ಜುಲೈಗಳಲ್ಲಿ ಡಬ್ಬದ ಮುಚ್ಚಳ ಬಿಗಿಯಾಗಿ ಹಾಕುವುದೂ ಮಾರ್ಕರಿನ ಉಪಚಾರವೇ.

ಅವನ ಜತೆ ಇರುವ ಊರಿನ ಹುಡುಗ, ಭಾರತಿ ವಿದ್ಯಾಪೀಠದ ವಿದ್ಯಾರ್ಥಿ, ಒಮ್ಮೆ ಕೇಳಿದ: “ಅಣ್ಣಾ, ಇಷ್ಟ್ ಚಂದ ಹೊಡ್ಯಾಕತ್ತಾವು. ಮತ್ಯಾಕ ಬಿಚ್ಚಾಕತ್ತೀ?”

“ಹೊಡ್ಯಾಕತ್ತಾವಂತನ ಬಿಚ್ಚಾಕತ್ತೀನಿ. ನಿಂತ ಮ್ಯಾಲ ಬಿಚ್ಚಿದ್ರ ಶನಿವಾರ ಮುಂಜಾನೆ, ಮಂದಿ ಮುಂದ ಬಿಚ್ಚಬೇಕಾಗ್ತದ.”

ಈ ಉತ್ತರದ ಬೆಲೆ ತಿಳಿಯಲು ಟೋಕಿಯೋ ಒಲಿಂಪಿಕ್ಸ್ ನೆನೆಯಬೇಕು. 2021ರ ಜುಲೈ 25. ಹತ್ತು ಮೀಟರ್ ಏರ್ ಪಿಸ್ತೂಲಿನ ಅರ್ಹತಾ ಸುತ್ತು. 75 ನಿಮಿಷದಲ್ಲಿ 60 ಹೊಡೆತ. ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟಿತು. ಅದೂ ಒತ್ತಿದ ಗಾಳಿಯಿಂದ, ವಿದ್ಯುತ್ ಟ್ರಿಗರಿನಿಂದ ನಡೆಯುವಂಥದ್ದೇ. ಕೋಚ್ ಹೇಳಿದ ಪ್ರಕಾರ ಮೊದಲು ಮುರಿದದ್ದು ಒಂದು ಸನ್ನೆ. ಅದನ್ನು ಬದಲಿಸಲು ಪಿಸ್ತೂಲು ಬಿಚ್ಚಿ, ಮತ್ತೆ ಜೋಡಿಸಿದಾಗ ಸರ್ಕ್ಯೂಟ್ ಕೆಲಸ ಮಾಡಲಿಲ್ಲ; ಅದನ್ನೂ ಬದಲಿಸಬೇಕಾಯಿತು. ಗಡಿಯಾರ ಮಾತ್ರ ಓಡುತ್ತಲೇ ಇತ್ತು. ಅಮೂಲ್ಯ ನಿಮಿಷಗಳು ಕಳೆದುಹೋಗಿ, ಅವರು 575 ಅಂಕದೊಂದಿಗೆ ಹನ್ನೆರಡನೆಯವರಾದರು. ಫೈನಲ್ ಎರಡು ಅಂಕದಲ್ಲಿ ತಪ್ಪಿತು. ಮೂರು ವರ್ಷದ ಬಳಿಕ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು.

ಒಲಿಂಪಿಕ್ಸ್‌ಗೆ ಹೋಗುವ ಪಿಸ್ತೂಲಿಗೆ ಉಪಚಾರ ಕಡಿಮೆಯಾಗಿತ್ತು ಎನ್ನಲು ಯಾವ ಆಧಾರವೂ ಇಲ್ಲ. ಅಲ್ಲಿ ಕಲಿಯಬೇಕಾದ ಪಾಠ ಬೇರೆ: ಬಿಚ್ಚುವುದೇ ಒಂದು ಅಪಾಯ. ಒಂದು ಭಾಗ ಸರಿಪಡಿಸಲು ಹೋದಾಗ ಇನ್ನೊಂದರ ತಂತಿ ಎಳೆದುಕೊಳ್ಳುತ್ತದೆ. ಹಾಗೆಂದು ಬಿಚ್ಚದೆಯೂ ಇರಲಾಗದು. ಮನುಷ್ಯನ ಕೈಯಲ್ಲಿ ಉಳಿಯುವುದು ವೇಳೆಯನ್ನು ಆರಿಸುವ ಅಧಿಕಾರ ಅಷ್ಟೇ. ಗುರುವಾರ ರಾತ್ರಿ ಏನಾದರೂ ಕೈಕೊಟ್ಟರೆ ಶುಕ್ರವಾರ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಸ್ವಿಚ್ ಹುಡುಕಬಹುದು, ಭೋಸರಿಯ ಕೈಗಾರಿಕಾ ಪ್ರದೇಶದಲ್ಲಿ ಅಳತೆಗೆ ತಕ್ಕ ಓ-ರಿಂಗ್ ಕೇಳಬಹುದು.

ವೇಳೆ ಆರಿಸುವ ಅಧಿಕಾರ ಯಾರಿಗೂ ಇಲ್ಲದ ವಸ್ತು ಒಂದಿದೆ: ಗಾಳಿಯ ಸಿಲಿಂಡರ್. ಒಂದು ಬಾಟಲಿಯಲ್ಲಿ 3000 ಪಿಎಸ್‌ಐ ಒತ್ತಡ, ಕಾರಿನ ಟೈರಿನ ಸುಮಾರು ನೂರು ಪಟ್ಟು. ಅದಕ್ಕೆ ಪರೀಕ್ಷೆಯ ತಾರೀಖು ಇರುತ್ತದೆ. ಅಡುಗೆ ಅನಿಲದ ಸಿಲಿಂಡರಿನ ಕೊರಳಪಟ್ಟಿಯಲ್ಲಿ ಎ, ಬಿ, ಸಿ, ಡಿ ಅಕ್ಷರ ಮತ್ತು ವರ್ಷ ಬರೆದಿರುತ್ತದಲ್ಲ, ಆ ತ್ರೈಮಾಸಿಕದೊಳಗೆ ಮರುಪರೀಕ್ಷೆ ಆಗಬೇಕು ಎಂದು, ಇದೂ ಅದೇ ತರಹ. ಶೂಟಿಂಗ್ ಸ್ಪರ್ಧೆಯ ಅಂತರರಾಷ್ಟ್ರೀಯ ನಿಯಮದಲ್ಲೂ ಸಿಲಿಂಡರಿನ ಅವಧಿ ಮುಗಿದಿಲ್ಲ ಎಂದು ನೋಡಿಕೊಳ್ಳುವ ಹೊಣೆ ಆಟಗಾರನದೇ.

ಒಂದು ಮಳೆಗಾಲ ಎರಡು ಸಿಲಿಂಡರುಗಳ ತಾರೀಖು ದಾಟಿತ್ತು. ಶನಿವಾರ ಯಾವುದೋ ಕಂಪನಿಯ ಇಪ್ಪತ್ತು ಮಂದಿ ಬರುವವರಿದ್ದರು. ಮೈದಾನದ ಮಾಲೀಕರ ವಾದ ಪೂರಾ ಪೊಳ್ಳೇನಲ್ಲ: ಸೋರುತ್ತಿಲ್ಲ, ತಗ್ಗು ಬಿದ್ದಿಲ್ಲ, ಕಳೆದ ವಾರವೂ ಚೆನ್ನಾಗಿಯೇ ಇದ್ದವು, ಒಂದು ವಾರದಲ್ಲಿ ಏನಾಗುತ್ತದೆ? ಬಹುಶಃ ಏನೂ ಆಗುತ್ತಿರಲಿಲ್ಲ. ಓ-ರಿಂಗ್ ಸೋತರೆ ಸದ್ದು ಮಾಡಿ ಹೇಳುತ್ತದೆ, ಬ್ಯಾಟರಿ ಸೋತರೆ ಹೊಡೆತ ನಿಲ್ಲುತ್ತದೆ. ಲೋಹ ಹಾಗೆ ಮೊದಲೇ ಹೇಳುವುದಿಲ್ಲ ಎಂಬ ಕಾರಣಕ್ಕೇ ಅದರ ಮೇಲೆ ತಾರೀಖು ಬರೆಯುತ್ತಾರೆ. ಯುವಕ ಆ ಎರಡಕ್ಕೆ ಗಾಳಿ ತುಂಬಲಿಲ್ಲ. ಆಟಗಾರರು ಸರದಿ ಕಾದರು, ಗೊಣಗಿದರು. ಮುಂದಿನ ವಾರ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಅದರ ಮುಂದಿನ ವಾರ ಕರೆದರು. ಅಷ್ಟರಲ್ಲಿ ಸಿಲಿಂಡರುಗಳು ಪರೀಕ್ಷೆಗೆ ಹೋಗಿದ್ದವು.

ಅವನು ಮಾಡಿದ್ದು ಸರಿ ಎಂಬುದಕ್ಕೆ ಆ ಶನಿವಾರದಿಂದ ಒಂದು ಸಾಕ್ಷಿಯೂ ಸಿಗದು. ಈ ಕೆಲಸದ ಕಷ್ಟವೇ ಅದು. ಕೆಟ್ಟದ್ದನ್ನು ಸರಿಮಾಡಲು ಕನ್ನಡದಲ್ಲಿ ದುರಸ್ತಿ ಎನ್ನುತ್ತಾರೆ, ಮರಾಠಿಯಲ್ಲಿ ದುರುಸ್ತಿ. ಪಾರಸಿಯಿಂದ ಬಂದ ಒಂದೇ ಪದ, ಗಡಿಯ ಎರಡೂ ಕಡೆ ಅದಕ್ಕೆ ದರಪಟ್ಟಿ ಇದೆ, ರಸೀದಿ ಇದೆ. ಕೆಡದಂತೆ ನೋಡಿಕೊಳ್ಳುವುದಕ್ಕೆ ಉತ್ತರ ಕರ್ನಾಟಕದ ಮನೆಗಳಲ್ಲಿ ಜ್ವಾಪಾನ ಎನ್ನುತ್ತಾರೆ. ಊರು ಬಿಡುವ ಮಕ್ಕಳಿಗೆ ಹೇಳುವ ಮಾತು. ಅದಕ್ಕೆ ರಸೀದಿ ಯಾರೂ ಕೊಡುವುದಿಲ್ಲ.

ಪೇಂಟ್‌ಬಾಲ್ ಆಡಲು ಹೋದಾಗ ಮುಖದ ಮಾಸ್ಕ್ ಬಿಗಿಮಾಡಿಕೊಳ್ಳುವ ಮೊದಲು ಸಿಲಿಂಡರಿನ ತಾರೀಖು ತೋರಿಸಲು ಕೇಳಿ. ಹಾಗೆ ಕೇಳುವವರು ನಾಲ್ಕು ಜನ ಆದರೂ ಸಾಕು, ತುಂಬುವುದಿಲ್ಲ ಎನ್ನುವವನಿಗೆ ಮುಂದಿನ ವಾರವೂ ಕೂಲಿ ಉಳಿಯುತ್ತದೆ.