ಎಮ್ಮಿ ಈದೈತಿ, ಕರ ಉಳೀಲಿಲ್ಲ

ಎಂಬತ್ತರ ದಶಕ, ಹಂಪಿ ಪಕ್ಕದ ಕಮಲಾಪುರ. ನಮ್ಮ ಓಣಿಯವರ ಪತ್ರ ಬರೆದುಕೊಡುವ ಕೆಲಸ ಹೈಸ್ಕೂಲು ಓದುತ್ತಿದ್ದ ನನ್ನ ಪಾಲಿಗೆ ಬಂದಿತ್ತು. ಎದುರುಮನೆ ಅಜ್ಜಿ ಬೆಂಗಳೂರಿನ ಮಗನಿಗೆ ಹೇಳಿ ಬರೆಸುತ್ತಿದ್ದಳು: ‘ಎಮ್ಮಿ ಈದೈತಿ, ಕರ ಉಳೀಲಿಲ್ಲ, ರೊಕ್ಕ ಕಳಸು.’ ನಾನು ಇನ್‌ಲ್ಯಾಂಡ್ ಲೆಟರಿನಲ್ಲಿ ‘ಉಭಯ ಕುಶಲೋಪರಿ’ ಹಾಕಿ, ‘ಎಮ್ಮೆ ಈದಿದೆ, ಕರು ತೀರಿಕೊಂಡಿದೆ, ಹಣ ಕಳುಹಿಸಿಕೊಡುವುದು’ ಎಂದು ಬರೆಯುತ್ತಿದ್ದೆ. ಓದಿ ಹೇಳಿದರೆ ಅಜ್ಜಿ ‘ಚಲೋ ಬರದೀಯಪ್ಪ’ ಅನ್ನುತ್ತಿದ್ದಳು. ಬರೆಯುವುದೆಂದರೆ ಪಠ್ಯಪುಸ್ತಕದ ಕನ್ನಡ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ.

ಆಡುಮಾತು ಮಾತ್ರ ಯಾರನ್ನೂ ಕೇಳದೆ ಬೆಳೆಯುತ್ತಿತ್ತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂತು. ಕಂಪ್ಲಿ, ಗಂಗಾವತಿ ಸೀಮೆಗೆ ಕರಾವಳಿ ಆಂಧ್ರದ ರೈತರು ಬಂದು ನೆಲೆಸಿದರು. ಅವರ ಊರುಗಳ ಹೆಸರಿಗೆ ‘ಕ್ಯಾಂಪ್’ ಅಂಟಿಕೊಂಡಿತು. ಸಂತೆಯಲ್ಲಿ ಅವರು ಕನ್ನಡ ಕಲಿತರು, ನಮ್ಮವರು ತೆಲುಗು ಕಲಿತರು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಮ್ಯಾಪು, ಪೋಸ್ಟ್‌ಕಾರ್ಡು ಮಾರುವ ಹುಡುಗರು ಶಾಲೆಯಲ್ಲಿ ಹತ್ತದ ಇಂಗ್ಲಿಷನ್ನು ಬೀದಿಯಲ್ಲಿ ಕಲಿತರು. ಹೊಳೆಯಾಚೆ ವಿರೂಪಾಪುರಗಡ್ಡೆಯಲ್ಲಿ ಪ್ರವಾಸಿಗರ ಹೀಬ್ರೂ ಕಿವಿಗೆ ಬಿತ್ತು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಜತೆ ಹಿಂದಿ ಬಂತು. ಇಷ್ಟಾದರೂ ‘ಹೋಗಾಕತ್ತೀನಿ’ ಎಲ್ಲೂ ಹೋಗಲಿಲ್ಲ. ಬಂದ ಪದಕ್ಕೆ ನಮ್ಮ ಪ್ರತ್ಯಯ ಹಚ್ಚಿ ‘ಬಸ್ಸಿನ್ಯಾಗ’, ‘ಫ್ಯಾಕ್ಟರ್ಯಾಗ’ ಅಂದೆವು.

ಬರಹದ ಕಥೆ ಬೇರೆ. 1991ರಲ್ಲಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ನಮ್ಮೂರ ಪಕ್ಕದಲ್ಲೇ ನೆಲೆ ನಿಂತಿತು. 1998ರಲ್ಲಿ ‘ಬರಹ’ ತಂತ್ರಾಂಶ, ಆಮೇಲೆ ‘ನುಡಿ’ ಬಂದವು. ಮದುವೆ ಕಾರ್ಡು ಡಿಟಿಪಿ ಅಂಗಡಿಗೆ ಹೋಯಿತು. ಅವುಗಳ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ತಾಪತ್ರಯ ತಪ್ಪಿತು. ಅಷ್ಟರಲ್ಲಿ ಹುಡುಗರಿಗೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಿಂದ ಕನ್ನಡ ಕುಟ್ಟುವುದು ರೂಢಿಯಾಗಿತ್ತು. ಅದರಲ್ಲಿ ಬಳೆಯೂ ಬಲೆಯೂ ಒಂದೇ. ಈಗ ಫೋನಿನಲ್ಲೇ ಕನ್ನಡ ಕೀಲಿಮಣೆಯಿದೆ. ಆದರೂ ಅವರು ಹಳೆಯ ಚಾಳಿ ಬಿಟ್ಟಿಲ್ಲ.

ಆ ಕೀಲಿಮಣೆಯಲ್ಲಿ ‘ಹೋಗಾಕತ್ತೀನಿ’ ಒತ್ತಲು ಹೊರಟರೆ ನನ್ನ ಫೋನು ‘ಹೋಗುತ್ತಿದ್ದೇನೆ’ಯನ್ನು ಮುಂದಿಡುತ್ತದೆ. ಹಿಂದೆ ನಾನು ಪುಗಸಟ್ಟೆ ಮಾಡುತ್ತಿದ್ದ ತಿದ್ದುಪಡಿಯನ್ನೇ ಅದೂ ಮಾಡುತ್ತಿದೆ. ಅಜ್ಜಿಯ ಸೊಸೆ ಈ ಗೋಜಿಗೇ ಹೋಗುವುದಿಲ್ಲ. ಮೈಕಿನ ಗುರುತು ಒತ್ತಿ ಹಿಡಿದು ಮಗನಿಗೆ ವಾಯ್ಸ್ ಮೆಸೇಜ್ ಕಳಿಸುತ್ತಾಳೆ. ರೊಕ್ಕ ರೊಕ್ಕವಾಗಿಯೇ ಬೆಂಗಳೂರು ತಲುಪುತ್ತದೆ.

ಭಾಷೆ ಕೆಟ್ಟಿತೆಂದು ಹೊರಗಿನವರನ್ನು ಬೈಯುವವರು ನಮ್ಮಲ್ಲಿ ಬಹಳ. ಆದರೆ ಈ ಸೀಮೆಯ ಮಾತು ಬರೆಯಲು ಲಾಯಕ್ಕಿಲ್ಲವೆಂದು ಮೊದಲು ತೀರ್ಪು ಕೊಟ್ಟವರು ಓದಿದ ನಾವೇ. ಫೋನಿನ ಕೀಲಿಮಣೆ ಪದ ಕಲಿಯುವುದು ಬರೆದಿಟ್ಟ ಕನ್ನಡದಿಂದ. ಬರೆಯದ ಮಾತು ಅದಕ್ಕೆ ಗೊತ್ತಾಗುವ ದಾರಿಯಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯವರು ಮೆಸೇಜನ್ನಾದರೂ ಆಡಿದ ಹಾಗೇ, ಕನ್ನಡ ಅಕ್ಷರದಲ್ಲೇ ಬರೆಯಲಿ.