ಸರ್ವರ್ ಡೌನ್ ಐತ್ರಿ

ತೆಲಸಂಗ



ರಾಯಬಾಗದಿಂದ ನೀವು ಬರೆದ ಪತ್ರ ಮುಟ್ಟಿತು. "ನಮ್ಮ ಸಹಕಾರ ಸಂಘಕ್ಕ ಐದು ಕಂಪ್ಯೂಟರ್ ಬಂದಾವ, ಕುಂಡ್ರಿಸಿ ಕೊಟ್ಟು ಹೋಗ್ಯಾರ. ಇನ್ನ ನೆಟ್‌ವರ್ಕ್ ನೋಡಾಂವ ಅಂತ ಒಬ್ಬಗ ರೊಕ್ಕ ಯಾಕ ಕೊಡಬೇಕು?" ಎಂದು ಕೇಳಿದ್ದೀರಿ. ನಾನು ಅದೇ ಕೆಲಸದವನು. ಉತ್ತರದಲ್ಲಿ ಸ್ವಲ್ಪ ಸ್ವಾರ್ಥ ಇದ್ದೀತು, ಅದನ್ನು ವಜಾ ಮಾಡಿ ಓದಿಕೊಳ್ಳಿ.

"ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ." ನಾಡಕಚೇರಿ, ಬ್ಯಾಂಕು, ರೇಷನ್ ಅಂಗಡಿ, ಎಲ್ಲಿ ಹೋದರೂ ಈ ಮಾತು ಕೇಳಿದ್ದೀರಿ. ಬಹಳ ಸಲ ಸರ್ವರ್ ಪಾಪ ಗಟ್ಟಿಮುಟ್ಟಾಗಿಯೇ ಇರುತ್ತದೆ. ಕೆಟ್ಟಿರುವುದು ನಡುವಿನ ದಾರಿ. ಇಲಿ ಕಡಿದ ಕೇಬಲ್, ಜೆಸಿಬಿ ಹರಿದ ಫೈಬರ್, ಎರಡು ಯಂತ್ರಕ್ಕೆ ಬಿದ್ದ ಒಂದೇ ಐಪಿ ನಂಬರು. ಯಾವುದೆಂದು ಹುಡುಕಲು ಮೊದಲು ಪಿಂಗ್ ಮಾಡುತ್ತೇನೆ. ಅಂಗಳದಲ್ಲಿ ನಿಂತು "ಮನ್ಯಾಗ ಯಾರರ ಅದೀರೇನ್ರೀ" ಎಂದು ಕೂಗಿದ ಹಾಗೆ. ರೂಟರ್ ಓಗೊಟ್ಟರೆ ಒಳಗಿನ ಓಣಿ ಸರಿ ಇದೆ, ಮುಂದಿನ ಮನೆಗೆ ಕೂಗಬೇಕು.

ಒಂದು ವರ್ಷ ದಸರೆ ಮುಗಿದು ಬಾಗಿಲು ತೆರೆದ ಬೆಳಿಗ್ಗೆಯೇ ಒಂದು ಸಂಘದಿಂದ ಫೋನು. ಯಾವ ಕಂಪ್ಯೂಟರೂ ಇನ್ನೊಂದರ ಜೊತೆ ಮಾತಾಡುತ್ತಿಲ್ಲ. ಕಟ್ಟೆಯ ಮೇಲೆ ರೈತರು ಪಾಸ್‌ಬುಕ್ ಹಿಡಿದು ಕುಳಿತಿದ್ದರು. ಒಳಗೆ ಮೇಜಿನ ಕೆಳಗೆ, ಎಲ್ಲ ಕಂಪ್ಯೂಟರಿನ ವೈರು ಬಂದು ಕೂಡುವ ಸ್ವಿಚ್ ಎಂಬ ಡಬ್ಬಿಗೆ ಖಂಡೆ ಪೂಜೆಯ ಕುಂಕುಮ, ಬಾಡಿದ ಚೆಂಡುಹೂವು. ಅದರ ಹಸಿರು ದೀಪಗಳು ತಮ್ಮ ತಮ್ಮ ತಾಳಕ್ಕೆ ಮಿನುಗುವುದು ಬಿಟ್ಟು ಎಲ್ಲ ಒಟ್ಟಿಗೇ ಪಟಪಟ ಹೊಡೆದುಕೊಳ್ಳುತ್ತಿದ್ದವು. ಪೂಜೆಗೆಂದು ಕಸ ಹೊಡೆದವರು ಜೋತಾಡುತ್ತಿದ್ದ ವೈರಿನ ತುದಿ ಕಂಡು, "ಕಿತ್ತೈತಿ" ಎಂದು ಖಾಲಿ ಕಿಂಡಿಗೆ ಸಿಕ್ಕಿಸಿದ್ದರು. ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿತ್ತು! ಹೊರಟ ಸಂದೇಶ ಅಲ್ಲಿಗೇ ಮರಳಿ ಬಂದು ಮತ್ತೆ ಹೊರಡುತ್ತದೆ, ಗಾಣದ ಎತ್ತಿನ ಸುತ್ತು. ಅಂಥ ಎತ್ತುಗಳು ಹೆಚ್ಚುತ್ತ ಹೋಗಿ ಉಳಿದವರಿಗೆ ಕಾಲಿಡಲೂ ಜಾಗವಿಲ್ಲದಂತಾಗಿತ್ತು. ಇದಕ್ಕೆ ಲೂಪ್ ಎನ್ನುತ್ತೇವೆ.

ತುದಿ ಕಿತ್ತೆ, ಸರಿಹೋಯಿತು. ಕೆಲಸ ಶುರುವಾದದ್ದೇ ಆಮೇಲೆ. ಸಂಜೆಯವರೆಗೆ ನೆಲದ ಮೇಲೆ ಕುಳಿತು ಪ್ರತಿ ವೈರಿನ ಎರಡೂ ತುದಿಗೆ ಚೀಟಿ ಅಂಟಿಸಿದೆ: ಕ್ಯಾಶ್, ಸೆಕ್ರೆಟರಿ, ಗೊಬ್ಬರದ ಗೋಡೌನ್. ಲೂಪ್ ಬಿದ್ದರೆ ತಾನೇ ಆ ಕಿಂಡಿ ಮುಚ್ಚುವ ಸ್ವಿಚ್ ತರಿಸಿದೆವು. ಗೋಡೌನು ನೂರು ಮೀಟರಿಗಿಂತ ದೂರ. ತಾಮ್ರದ ಕೇಬಲ್ಲಿಗೆ ಅಷ್ಟು ದೂರ ನಡೆಯುವ ಶಕ್ತಿಯಿಲ್ಲ, ಮೇಲಾಗಿ ಬೇಸಿಗೆಯ ಗುಡುಗುಮಳೆಯಲ್ಲಿ ಅದು ಸಿಡಿಲನ್ನು ಒಳಗೆ ಕರೆತಂದೀತು. ಅಲ್ಲಿಗೆ ಗಾಜಿನ ಫೈಬರ್ ಎಳೆದೆವು.

ಇನ್ನು ಬ್ಯಾಕಪ್ಪಿನ ಮಾತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅಂದಿನಿಂದ ಸಂಘಗಳ ಜೀವ ಕೀರ್ದಿ-ಖತಾವಣಿಯಲ್ಲಿತ್ತು. ಖತಾವಣಿಯನ್ನು ಗೆದ್ದಲು ತಿಂದರೂ ದಿನದಿನದ ಕೀರ್ದಿ ನೋಡಿ ಮತ್ತೆ ಬರೆಯಬಹುದಿತ್ತು. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಇಂಥ 63,000 ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಒಳ್ಳೆಯದೇ ಆಯಿತು. ಆದರೆ ನಾನು ಹೋದಲ್ಲೆಲ್ಲ ಬ್ಯಾಕಪ್ ಎಂಬ ಪೆನ್‌ಡ್ರೈವ್ ಅದೇ ಕಂಪ್ಯೂಟರಿಗೆ ತಗಲಿಕೊಂಡೇ ಇರುತ್ತದೆ. ರ‍್ಯಾನ್ಸಮ್‌ವೇರ್ ಎಂಬ ಸುಲಿಗೆಯ ತಂತ್ರಾಂಶ ಹೊಕ್ಕಿತೆಂದರೆ ಕಂಪ್ಯೂಟರಿಗೆ ಹಾಕಿದ ಬೀಗವನ್ನೇ ಅದಕ್ಕೂ ಹಾಕುತ್ತದೆ. ಕೀರ್ದಿ-ಖತಾವಣಿ ಎರಡನ್ನೂ ಒಂದೇ ಬೆಂಕಿಗೆ ಹಾಕಿದಂತೆ.

ಇದು ಬರೀ ಹೆದರಿಕೆಯ ಮಾತಲ್ಲ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಇಂಥ ದಾಳಿಗೆ ಸಿಕ್ಕಿತು. ರಾಷ್ಟ್ರೀಯ ಪಾವತಿ ನಿಗಮ ಅದರ ಸಂಪರ್ಕ ಕಡಿಯಿತು. ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗಿರಾಕಿಗಳಿಗೆ ಆಗ ಎಟಿಎಂ, ಯುಪಿಐ ಇಲ್ಲ. ಜನ ಬೈದುಕೊಂಡರು. ನನಗೆ ಮಾತ್ರ ಆ ಕಡಿತವೇ ಸರಿಯಾದ ಕೆಲಸ ಅನ್ನಿಸಿತು. ಯಾವ ತಂತಿ ಯಾವಾಗ ಕೀಳಬೇಕೆಂಬ ತಿಳಿವೂ ಕೀಳುವ ಧೈರ್ಯವೂ ನಮ್ಮ ಕಸುಬಿನಲ್ಲಿ ಬೇಕು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸಕ್ಕರೆ ಕಾರ್ಖಾನೆಗಾದರೆ ಹಂಗಾಮಿನಲ್ಲಿ ಹಗಲೂ ರಾತ್ರಿ ಆಳು ಬೇಕು. ಅಲ್ಲಿ ಕಾಟಾದ ಕಂಪ್ಯೂಟರ್ ನಿಂತರೆ ಟ್ರ್ಯಾಕ್ಟರ್ ಸಾಲು ನಿಲ್ಲುತ್ತದೆ, ಬಿಸಿಲಿಗೆ ಕಬ್ಬು ಒಣಗಿ ತೂಕ ಇಳಿಯುತ್ತದೆ, ಲುಕ್ಸಾನು ರೈತನದು. ಐದು ಕಂಪ್ಯೂಟರಿನ ನಿಮ್ಮ ಸಂಘಕ್ಕೆ ಪೂರ್ತಿ ಸಂಬಳದ ಆಳು ಬೇಡ. ಸುತ್ತಲಿನ ನಾಲ್ಕೈದು ಸಂಘ ಕೂಡಿ ಒಬ್ಬ ಹುಡುಗನನ್ನು ಗೊತ್ತು ಮಾಡಿ, ಕೆಟ್ಟಾಗ ಮಾತ್ರ ಕರೆಯಬೇಡಿ, ತಿಂಗಳಿಗೊಮ್ಮೆ ಕರೆಯಿರಿ. ಪಾಸ್‌ವರ್ಡುಗಳೆಲ್ಲ ಅವನ ತಲೆಯಲ್ಲೇ ಇರದಂತೆ ಬರೆಸಿ, ಲಕೋಟೆಗೆ ಹಾಕಿ ತಿಜೋರಿಯಲ್ಲಿಡಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಈ ಭಾನುವಾರ ನಿಮ್ಮ ಬ್ಯಾಕಪ್ಪಿನ ಪೆನ್‌ಡ್ರೈವ್ ಬಿಚ್ಚಿ, ಬೇರೆ ಕಂಪ್ಯೂಟರಿಗೆ ಹಾಕಿ, ನಿಮ್ಮದೇ ಖಾತೆ ತೆರೆದು ಹೋದ ತಿಂಗಳ ಬಾಕಿ ಎಷ್ಟೆಂದು ನೋಡಿ. ಅದು ತೆರೆಯದಿದ್ದರೆ ಫೋನು ಮಾಡಿ. ಅಥಣಿ ಮೇಲೆ ಹಾಯ್ದು, ಕೃಷ್ಣೆ ದಾಟಿ ಬೈಕಿನಲ್ಲಿ ಬರುತ್ತೇನೆ, ಊಟಕ್ಕೆ ರೊಟ್ಟಿ ಮಾಡಿಸಿಡಿ.

ನಿಮ್ಮವ,
ತೆಲಸಂಗದ ವೈರಿನ ಮನುಷ್ಯ